ಲಾರಿ ಆಯಿಲ್ ಚೇಂಜ್‌ಗೆ ಕ್ವಿಕ್ ಡ್ರೈನ್ ವಾಲ್ವ್: ಹೆಂಗೆ ಹಾಕೋದು, ಯಾವ ಗಾಡಿಗೆ ಬೇಡ

ಜುಲೈ ತಿಂಗಳಲ್ಲಿ ಕೋಲಾರ ಎಪಿಎಂಸಿಗೆ ಟೊಮೆಟೊ ಜೋರಾಗಿ ಬರೋವಾಗ ನಮ್ ಕಡೆ ಲಾರಿ ಇಟ್ಕೊಂಡೋರಿಗೆ ನಿದ್ದೆ ಅನ್ನೋದೇ ಇರಲ್ಲ, ಒಂದು ಟ್ರಿಪ್ ಮುಗಿಸಿ ಬಂದು ಮುಂದಿನ ಲೋಡ್ ಏರೋದ್ರೊಳಗೆ ಸಿಗೋ ನಾಲ್ಕೈದು ಗಂಟೇಲೇ ಆಯಿಲ್ ಚೇಂಜು, ಗ್ರೀಸು, ಟಯರು ಎಲ್ಲಾ ಮುಗೀಬೇಕು. ಅಂಥ ಒಂದು ದಿನ ಗ್ಯಾರೇಜ್ ಹುಡುಗ ಆಯಿಲ್ ಇಳಿಸೋ ಡ್ರೈನ್ ಬೋಲ್ಟ್ ವಾಪಸ್ ಹಾಕೋವಾಗ ರಿಂಗ್ ಸ್ಪಾನರ್‌ಗೆ ಎರಡಡಿ ಪೈಪ್ ತೂರಿಸಿ ಎಳೆದ. ಕಟಕ್ ಅಂತು. ಆಮೇಲೆ ಬೋಲ್ಟು ಸುಮ್ನೆ ಸುತ್ತುತ್ತೆ, ಟೈಟೇ ಆಗಲ್ಲ. ಚೇಂಬರ್, ಅಂದ್ರೆ ಇಂಜಿನ್ ಅಡೀಲಿ ಆಯಿಲ್ ನಿಲ್ಲೋ ತೊಟ್ಟಿ, ಅದರ ಥ್ರೆಡ್ ಕಿತ್ಕೊಂಡಿತ್ತು. ಮೇಸ್ತ್ರಿ ಬಂದು ನೋಡಿ "ಏಂ ಕಾದು ಲೇ ಅಣ್ಣಾ" ಅಂತ ಹೇಳಿ ಟೆಫ್ಲಾನ್ ಟೇಪ್ ಸುತ್ತಿ ಸೀಲಂಟ್ ಮೆತ್ತಿ ಕಳಿಸ್ದ. ಏನೂ ಆಗಲ್ಲ ಅಂದ್ನಲ್ಲ, ಆಂಧ್ರದ ಮೊಗಿಲಿ ಘಾಟ್ ಇಳಿಯೋಷ್ಟರಲ್ಲಿ ಆಯಿಲ್ ಪ್ರೆಷರ್ ಲೈಟು ಮಿಣುಕ್ತಾ ಇತ್ತು, ಅಲ್ಲೇ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡಿದ್ದಕ್ಕೆ ಇಂಜಿನ್ ಉಳೀತು, ಆದ್ರೆ 15 ಕೆಜಿದು 650 ಬಾಕ್ಸ್ ಟೊಮೆಟೊ ರೋಡ್ ಸೈಡಲ್ಲಿ ಬೇರೆ ಗಾಡಿಗೆ ಬದಲಾಯಿಸಿದ ಕೂಲಿ, ಟೋಯಿಂಗು, ಚೇಂಬರ್ ಬಿಚ್ಚಿ ಲೇತಲ್ಲಿ ಬುಷ್ ಹಾಕಿಸಿದ್ದು, ಆ ಟ್ರಿಪ್ ಬಾಡಿಗೆ ಪೂರ್ತಿ ಅಲ್ಲೇ ಹೋಯ್ತು.

ಅವತ್ತಿಂದ ಈ ಕ್ವಿಕ್ ಡ್ರೈನ್ ವಾಲ್ವ್ ಬಗ್ಗೆ ತಲೆ ಕೆಡಿಸ್ಕೊಂಡೆ. ಈಗ ನಮ್ಮ ಆರು ಚಕ್ರದ ಲಾರಿಗೆ ಹಾಕಿ ನಾಲ್ಕು ಆಯಿಲ್ ಚೇಂಜ್ ಆಯ್ತು. ಟೇಕಲ್ ಕಡೆ ಕ್ರಷರ್‌ಗೆ ಓಡೋ ಟಿಪ್ಪರ್ ಒಂದಿದೆ, ಅದಕ್ಕೆ ಹಾಕಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದ್ಲು ಇದೇನು ಅಂತ. ಚೇಂಬರ್ ತಳದಲ್ಲಿರೋ ಡ್ರೈನ್ ಬೋಲ್ಟ್ ತೆಗೆದು ಅದೇ ತೂತಿಗೆ ಒಂದು ಸಣ್ಣ ವಾಲ್ವ್ ಹಾಕಿ ಪರ್ಮನೆಂಟಾಗಿ ಬಿಟ್ಬಿಡೋದು ಅಷ್ಟೇ. ಆಮೇಲೆ ಪ್ರತಿ ಸಲ ಸ್ಪಾನರ್ ಬೇಡ, ವಾಷರ್ ಬೇಡ, ವಾಲ್ವ್ ತೆಗೆದ್ರೆ ಆಯಿಲ್ ಇಳಿಯುತ್ತೆ, ಮುಚ್ಚಿದ್ರೆ ನಿಲ್ಲುತ್ತೆ. ಹೊಸಾ ವಿಷಯ ಏನಲ್ಲ, ದೊಡ್ಡ ಎಕ್ಸ್‌ಕವೇಟರು ಜನರೇಟರುಗಳಿಗೆ ಇಂಥದ್ದು ಕಂಪನೀಲೇ ಹಾಕಿ ಕೊಡೋದುಂಟು. ಆರಾಮ ಅಂತ ಎಲ್ಲರೂ ಹೇಳ್ತಾರೆ, ನನ್ ಪ್ರಕಾರ ದೊಡ್ಡ ಲಾಭ ಅದಲ್ಲ, ಚೇಂಬರ್ ಥ್ರೆಡ್‌ಗೆ ಯಾರೂ ಮತ್ತೆ ಕೈ ಹಾಕಲ್ಲ ಅನ್ನೋದು. ಬೋಲ್ಟ್ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಹತ್ತು ವರ್ಷಕ್ಕೆ ಥ್ರೆಡ್ ಸವೆಯುತ್ತೆ, ಪ್ರತಿ ಸಲ ಬೇರೆ ಹುಡುಗ, ಬೇರೆ ಕೈ ಬಲ. ಅಲ್ಯೂಮಿನಿಯಂ ಚೇಂಬರ್ ಆದ್ರಂತೂ ಎರಡು ಸಲ ಓವರ್ ಟೈಟ್ ಮಾಡಿದ್ರೆ ಸಾಕು ಕಥೆ ಮುಗೀತು.

ಇದ್ರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬಾಲ್ ವಾಲ್ವ್, ಜಪಾನಿನ ಫ್ಯುಮೊಟೊ ಇದ್ರಲ್ಲಿ ಹೆಸರು ಮಾಡಿರೋದು. ಒಳಗೆ ತೂತಿರೋ ಒಂದು ಗುಂಡು, ಹೊರಗೆ ಸಣ್ಣ ಲಿವರ್. ಲಿವರ್ ಮುಚ್ಚಿದ ಸ್ಥಾನದಲ್ಲಿ ಒಂದು ಸಣ್ಣ ಕಚ್ಚಿನೊಳಗೆ ಕೂತಿರತ್ತೆ, ಸ್ಪ್ರಿಂಗ್ ಅದನ್ನ ಒತ್ತಿ ಹಿಡಿದಿರತ್ತೆ, ತೆಗೀಬೇಕು ಅಂದ್ರೆ ಮೊದ್ಲು ಸ್ಪ್ರಿಂಗ್ ವಿರುದ್ಧ ಎತ್ತಬೇಕು, ಆಮೇಲೆ ಕಾಲು ಸುತ್ತು ತಿರುಗಿಸ್ಬೇಕು. ಎರಡೂ ಕೆಲಸ ಒಟ್ಟಿಗೆ ಆದ್ರೇನೇ ತೆಗೆಯೋದು, ಹಂಗಾಗಿ ರೋಡಲ್ಲಿ ತಾನಾಗೇ ತೆಕ್ಕೊಂಡ್ಬಿಡುತ್ತೆ ಅನ್ನೋ ಭಯ ಅಷ್ಟಾಗಿ ಬೇಡ. ಇದ್ರಲ್ಲೇ ಮೂತಿ ಉದ್ದ ಇರೋದು ಬರತ್ತೆ, ಹೋಸ್ ಸಿಕ್ಕಿಸೋಕೆ. ಮೂತಿ ಇಲ್ಲದ್ದೂ ಬರತ್ತೆ.

ಎರಡ್ನೇದು ಕ್ಯಾಪ್ ಇರೋ ಸ್ಪ್ರಿಂಗ್ ವಾಲ್ವ್, ಜರ್ಮನಿಯ ಸ್ಟಾಲ್‌ಬಸ್ ಥರದ್ದು. ಇದಕ್ಕೆ ಲಿವರ್ ಇಲ್ಲ. ಹೊರಗೆ ಒಂದು ಲೋಹದ ಕ್ಯಾಪ್, ಅದನ್ನ ಬಿಚ್ಚಿ ಹೋಸ್ ಇರೋ ಕನೆಕ್ಟರ್‌ನ ಕೈಯಲ್ಲೇ ತಿರುಗಿಸಿ ಕೂರಿಸಿದ್ರೆ ಒಳಗಿನ ವಾಲ್ವ್ ಮೇಲಕ್ಕೆ ಸರಿದು ಆಯಿಲ್ ಹೋಸೊಳಗೆ ಇಳಿಯುತ್ತೆ, ಕನೆಕ್ಟರ್ ಬಿಚ್ಚಿದ್ರೆ ತಾನೇ ಮುಚ್ಚಿಕೊಳ್ಳುತ್ತೆ. ನಮ್ ಟಯರ್ ಟ್ಯೂಬ್ ವಾಲ್ವ್ ಪಿನ್ ಇದ್ದಂಗೆ ಅಂದ್ಕೊಳ್ಳಿ. ಎತ್ತರ ಕಮ್ಮಿ, ಕೆಳಗೆ ಏನೂ ನೇತಾಡಲ್ಲ. ಆದ್ರೆ ಕನೆಕ್ಟರ್ ಕಳ್ಕೊಂಡ್ರೆ ಕೆಲ್ಸ ಕೆಟ್ಟಂಗೆ, ಅದೊಂದು ಜೋಪಾನ.

ಮೂರ್ನೇ ಜಾತಿ ಒಂದಿದೆ, ಅದನ್ನ ಹಾಕ್ಲೇಬೇಡಿ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ನೀರಿನ ಹಿತ್ತಾಳೆ ಬಾಲ್ ವಾಲ್ವ್ ತಂದು ಲೇತಲ್ಲಿ ನಿಪ್ಪಲ್ ಮಾಡಿಸಿ ಚೇಂಬರ್‌ಗೆ ಹಾಕ್ಕೊಂಡೋರನ್ನ ನೋಡಿದೀನಿ. ಮೊದಲ್ನೇದಾಗಿ ಪೈಪ್ ಥ್ರೆಡ್ಡೇ ಬೇರೆ, ಇಂಜಿನ್ ಥ್ರೆಡ್ಡೇ ಬೇರೆ. ಎರಡ್ನೇದು ಅದರ ಹ್ಯಾಂಡಲ್‌ಗೆ ಲಾಕ್ ಇಲ್ಲ, ಡೀಸೆಲ್ ಇಂಜಿನ್ ನಡುಗೋ ನಡುಗಿಗೆ ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತೆ. ಮೂರ್ನೇದು ಅದು ಉದ್ದಕ್ಕೆ ಜೋತಾಡೋ ಭಾರ, ನಡುಗಿ ನಡುಗಿ ನಿಪ್ಪಲ್ ಬುಡದಲ್ಲೇ ಕ್ರ್ಯಾಕ್ ಬಿಡುತ್ತೆ. ಮುನ್ನೂರು ರೂಪಾಯಿ ಉಳಿಸೋಕೆ ಇಂಜಿನ್ ಪಣಕ್ಕಿಟ್ಟಂಗೆ.

ಇನ್ನು ಸೈಜು. ಇಲ್ಲೇ ಎಲ್ಲರೂ ಎಡವೋದು. ಗಾಡಿ ಮಾಡಲ್ ಹೆಸರು ಹೇಳಿ ಆರ್ಡರ್ ಮಾಡಬೇಡಿ, ಒಂದೇ ಹೆಸರಿನ ಗಾಡೀಲಿ ವರ್ಷಕ್ಕೊಂದು ಇಂಜಿನ್, ಹೊಗೆ ನಿಯಮದ ಬಿಎಸ್3ಗೆ ಒಂದು, ಬಿಎಸ್4ಗೆ ಒಂದು, ಬಿಎಸ್6ಗೆ ಇನ್ನೊಂದು. ಮುಂದಿನ ಆಯಿಲ್ ಚೇಂಜ್ ಟೈಮಲ್ಲಿ ಬೋಲ್ಟ್ ಕೈಗೆ ಬಂದಾಗ ಬನಿಯನ್ ವೇಸ್ಟಲ್ಲಿ ಒರೆಸಿ ವರ್ನಿಯರ್ ಇಟ್ಟು ಥ್ರೆಡ್ ಹೊರಗಿನ ಅಳತೆ ತಗೊಳ್ಳಿ. ಆಮೇಲೆ ಪಿಚ್, ಅಂದ್ರೆ ಒಂದು ಥ್ರೆಡ್‌ನಿಂದ ಪಕ್ಕದ ಥ್ರೆಡ್‌ಗೆ ಇರೋ ದೂರ. ಪಿಚ್ ಗೇಜ್ ಇಲ್ಲ ಅಂದ್ರೆ ಸ್ಕೇಲ್ ಇಟ್ಟು ಒಂದು ಥ್ರೆಡ್ ತುದಿಯಿಂದ ಶುರು ಮಾಡಿ ಹತ್ತು ಹೆಜ್ಜೆ ಎಣಿಸಿ, 15 ಎಂಎಂ ಆದ್ರೆ ಪಿಚ್ 1.5. ಬೋಲ್ಟ್ ಅಷ್ಟುದ್ದ ಇಲ್ಲ ಅಂದ್ರೆ ಆರು ಎಣಿಸಿ, 9 ಎಂಎಂ ಬರ್ಬೇಕು. ವರ್ನಿಯರ್‌ನಲ್ಲಿ 21.8 ಹಂಗೆ ತೋರಿಸಿದ್ರೆ ಅದು 22ರ ಬೋಲ್ಟೇ, ಥ್ರೆಡ್ ಯಾವತ್ತೂ ಹೆಸರಿನ ಸೈಜಿಗಿಂತ ಕೂದಲೆಳೆ ಕಮ್ಮೀನೇ ಇರತ್ತೆ. ನಂದು 22, ಪಿಚ್ 1.5. ನಿಮ್ಮದು 18 ಇರಬೋದು, 24 ಇರಬೋದು, ಅಳೆದೇ ನೋಡಿ. ಬೋಲ್ಟ್ ಹೆಡ್‌ಗೆ ಹಾಕೋ ಸ್ಪಾನರ್ ಸೈಜಿಗೂ ಥ್ರೆಡ್ ಸೈಜಿಗೂ ಸಂಬಂಧ ಇಲ್ಲ, ಇದನ್ನ ಗೊತ್ತಿಲ್ದೆ ನಮ್ ಪರಿಚಯದ ಒಬ್ರು 27ರ ಸ್ಪಾನರ್ ಕೂರುತ್ತೆ ಅಂತ 27ರ ವಾಲ್ವ್ ಹುಡುಕ್ತಾ ಇದ್ರು.

ಬೋಲ್ಟ್ ಕೈಯಲ್ಲಿರೋವಾಗ್ಲೇ ಇನ್ನೊಂದು ನೋಡಿ, ತುದೀಲಿ ಮ್ಯಾಗ್ನೆಟ್ ಇದ್ಯಾ ಅಂತ. ಇದ್ರೆ ಅದರ ಮೇಲೆ ಕಪ್ಪು ಪೇಸ್ಟ್ ಥರ ನುಣ್ಣಗಿನ ಕಬ್ಬಿಣದ ಪುಡಿ ಅಂಟಿರತ್ತೆ, ಅದು ಮಾಮೂಲಿ. ಕೈಗೆ ಚುಚ್ಚೋ ಚೂರು ಬಂದ್ರೆ ಗಾಬರಿ ಪಡಬೇಕಾದ್ದು. ವಾಲ್ವ್ ಹಾಕಿದ್ಮೇಲೆ ಈ ಮ್ಯಾಗ್ನೆಟ್ ಹೋಗುತ್ತೆ, ಇದೊಂದು ನಿಜವಾದ ನಷ್ಟ, ಮಾರೋರು ಯಾರೂ ಹೇಳಲ್ಲ. ಅದಕ್ಕೆ ನಾನು ಹಳೇ ಫಿಲ್ಟರ್ ಎಸೆಯಲ್ಲ, ತಗಡು ಕತ್ತರಿಸಿ ಒಳಗಿನ ಪೇಪರ್ ಬಿಡಿಸಿ ಬಿಸಿಲಿಗೆ ಹಿಡಿದು ನೋಡ್ತೀನಿ, ಹೊಳೆಯೋ ಚೂರು ಇದ್ಯಾ ಅಂತ.

ಈಗ ಜಾಗದ ವಿಷಯ, ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ಕೊಡಿ. ಗಾಡಿ ನಿಂತಿದ್ದಾಗ ಕೆಳಗೆ ಮಲ್ಕೊಂಡು ನೋಡಿದ್ರೆ ವಾಲ್ವ್‌ಗೆ ಬೇಕಾದಷ್ಟು ಜಾಗ ಇದೆ ಅನ್ಸುತ್ತೆ. ಆದ್ರೆ ಲಾರೀಲಿ ಮುಂದಿನ ಆಕ್ಸಲ್ಲು, ಅದರ ಜೊತೆ ಮುಂದಿನ ಎರಡು ಚಕ್ರ ಜೋಡಿಸೋ ಟೈ ರಾಡು, ಎರಡೂ ಚೇಂಬರ್ ಹತ್ರಾನೇ ಇರ್ತವೆ, ಲೋಡ್ ಹಾಕ್ಕೊಂಡು ಹಂಪ್ ಎಗರಿದಾಗ ಸ್ಪ್ರಿಂಗ್ ಪಟ್ಟಾ ಒತ್ಕೊಂಡು ಆಕ್ಸಲ್ ಮೇಲಕ್ಕೆ ಬರುತ್ತೆ, ಗಾಡಿ ನಿಂತಿದ್ದಾಗ ಕಾಣೋ ಜಾಗ ಆಗ ಇರಲ್ಲ. ಎಷ್ಟು ಮೇಲೆ ಬರಬೋದು ಅಂತ ತಿಳ್ಕೊಳ್ಳೋಕೆ, ಆಕ್ಸಲ್ ಮೇಲಕ್ಕೆ ಬಂದಾಗ ತಡೆಯೋ ಬಂಪ್ ಸ್ಟಾಪ್ ರಬ್ಬರ್‌ಗೂ ಅದು ತಾಗೋ ಜಾಗಕ್ಕೂ ಮಧ್ಯ ಇರೋ ಗ್ಯಾಪ್ ಅಳೀರಿ. ವಾಲ್ವ್ ತುದಿಯಿಂದ ಕೆಳಗಿನ ಆಕ್ಸಲ್ ಅಥವಾ ಟೈ ರಾಡ್‌ಗೆ ಇರೋ ಗ್ಯಾಪು ಅದಕ್ಕಿಂತ ಒಂದೆರಡು ಬೆರಳಾದ್ರೂ ಜಾಸ್ತಿ ಇರ್ಬೇಕು, ರಬ್ಬರ್ರೂ ಒತ್ಕೊಳ್ಳುತ್ತಲ್ಲ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈ ರಾಡ್ ಎಲ್ಲಿಗೆ ಬರುತ್ತೆ ಅಂತಾನೂ ನೋಡಿ.

ನಾನು ಇನ್ನೊಂದು ಹಳ್ಳಿ ಟೆಸ್ಟ್ ಮಾಡ್ದೆ, ನಗಬೇಡಿ. ಮನೇಲಿ ರಾತ್ರಿ ಉಳಿದಿದ್ದ ಮುದ್ದೇಲಿ ಒಂದು ತುಂಡು ತಗೊಂಡು ವಾಲ್ವ್ ಎಷ್ಟುದ್ದ ಬರುತ್ತೋ ಅಷ್ಟುದ್ದಕ್ಕೆ ಉಂಡೆ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಡ್ರೈನ್ ಬೋಲ್ಟ್ ತಲೆಗೆ ಇನ್ಸುಲೇಷನ್ ಟೇಪಲ್ಲಿ ಬಿಗಿದೆ. ಲೋಡ್ ಗಾಡೀನ ನಮ್ಮೂರ ಗೇಟ್ ಹತ್ರ ಇರೋ ಮೂರು ಹಂಪ್ ಮೇಲೆ ಬೇಕಂತಲೇ ಸ್ವಲ್ಪ ಜೋರಾಗಿ ಹತ್ತಿಸಿ ಇಳಿಸಿ ಬಂದು ಕೆಳಗೆ ತೂರಿ ನೋಡ್ದೆ. ಮುದ್ದೆ ಹಂಗೇ ಇತ್ತು, ಎಲ್ಲೂ ಚಪ್ಪಟೆ ಆಗಿರಲಿಲ್ಲ. ಆಮೇಲೇ ಆರ್ಡರ್ ಮಾಡಿದ್ದು. ಮಗು ಆಡೋ ಕ್ಲೇ ಇದ್ರೆ ಅದು ಇನ್ನೂ ಒಳ್ಳೇದು, ಬಿಸಿಗೆ ಜಾರದಂಗೆ ಟೇಪ್ ಮಾತ್ರ ಗಟ್ಟಿಯಾಗಿ ಸುತ್ತಿ.

ಡ್ರೈನ್ ಬೋಲ್ಟ್ ಚೇಂಬರ್ ಪಕ್ಕದ ಗೋಡೇಲಿದ್ರೆ ನಿಮ್ ಅದೃಷ್ಟ, ವಾಲ್ವ್ ಅಡ್ಡಕ್ಕೆ ಕೂರುತ್ತೆ, ಕೆಳಗೆ ಇಳಿಯಲ್ಲ. ತಳದಲ್ಲೇ ಇದ್ರೆ ಮೂತಿ ಇಲ್ಲದ ಗಿಡ್ಡ ಮಾಡಲ್ ಅಥವಾ ಕ್ಯಾಪ್ ಥರದ್ದು ನೋಡಿ.

ಹಾಕೋ ದಿನ. ಬೇರೆ ದಿನ ಬೇಡ, ಆಯಿಲ್ ಚೇಂಜ್ ದಿನಾನೇ ಹಾಕಿ, ಹೆಂಗಿದ್ರೂ ಖಾಲಿ ಮಾಡ್ಬೇಕಲ್ಲ. ಗಾಡಿ ಮಟ್ಟಸ ನೆಲದಲ್ಲಿ ನಿಲ್ಸಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಕ್ಲೀನರ್ ಹುಡುಗ ಮೇಲೆ ಕೂತು ಹಾಡು ಹಾಕೋಕೆ ಕೀ ತಿರುಗಿಸಿದ ಕಥೆಗಳು ಬೇಕಾದಷ್ಟಿವೆ. ಜಾಕಿ ಮೇಲೆ ನಿಂತಿರೋ ಗಾಡಿ ಕೆಳಗೆ ತಲೆ ಹಾಕಬೇಡಿ, ಲಾರೀಲಿ ಜಾಕಿ ಬೇಕಾಗೋದೂ ಇಲ್ಲ.

ಟ್ರಿಪ್‌ನಿಂದ ಬಂದ ತಕ್ಷಣ ಬಿಚ್ಚಬೇಡಿ. ಆಯಿಲ್ ಆಗ ಕುದಿಯೋ ನೀರಿನಷ್ಟೇ ಬಿಸಿ ಇರತ್ತೆ. ಪೂರ್ತಿ ತಣ್ಣಗಾದ್ರೂ ಕಷ್ಟ, ಗಸಿ ತಳದಲ್ಲೇ ಕೂತ್ಬಿಡುತ್ತೆ. ಚೇಂಬರ್ ಮೇಲೆ ಅಂಗೈ ಇಟ್ರೆ ತಡ್ಕೊಳ್ಳೋ ಅಷ್ಟು ಬಿಸಿ ಇದ್ದಾಗ ಸರಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ, ಹಳೇ ಇಂಜಿನ್ ಆಯಿಲ್ ಚರ್ಮಕ್ಕೆ ದಿನಾ ತಾಗೋದು ಒಳ್ಳೇದಲ್ಲ, ನಮ್ ಮೇಸ್ತ್ರಿಗಳ ಕೈ ನೋಡಿದ್ರೇನೇ ಗೊತ್ತಾಗತ್ತೆ.

ಬೋಲ್ಟ್ ಬಿಚ್ಚಿ, ಎಲ್ಲಾ ಇಳೀಲಿ ಬಿಡಿ. ಕೊನೇ ಸಲ ಬೋಲ್ಟ್ ಬಿಚ್ಚೋದಲ್ವಾ, ನನಗಂತೂ ಅವತ್ತೂ ಬೋಲ್ಟ್ ಕೈ ಜಾರಿ ಬಾಂಡ್ಲೀಲೇ ಬಿತ್ತು, ಮೊಣಕೈವರೆಗೂ ಆಯಿಲ್ ಮಾಡ್ಕೊಂಡು ಹುಡುಕಿದೆ. ಹನಿ ನಿಂತ್ಮೇಲೆ ತೂತಿನ ಸುತ್ತ ವಾಷರ್ ಕೂರೋ ಜಾಗಾನ ಒಣ ಬಟ್ಟೇಲಿ ಒರೆಸಿ ಬೆರಳಾಡ್ಸಿ ನೋಡಿ. ಹಳೇ ತಾಮ್ರದ ವಾಷರ್ ಅಲ್ಲೇ ಅಂಟಿಕೊಂಡಿರತ್ತೆ, ಚೇಂಬರ್ರೇ ಅದೇ ಬಣ್ಣ ಅಂದ್ಕೊಂಡು ಅದರ ಮೇಲೇ ಹೊಸಾ ವಾಷರ್ ಕೂರಿಸಿದ್ರೆ ಲೀಕೇ ಗತಿ. ಉಗುರು ಹಾಕಿ ಎಬ್ಬಿಸಿ ತೆಗೀರಿ. ಸ್ಕ್ರೂ ಡ್ರೈವರ್ ಹಾಕಿ ಕೆರೆದು ಗೀರು ಮಾಡಬೇಡಿ.

ವಾಲ್ವ್ ಜೊತೆ ಬಂದ ವಾಷರ್‌ನೇ ಹಾಕಿ. ಟೆಫ್ಲಾನ್ ಟೇಪ್ ಬೇಡ, ಸೀಲಂಟ್ ಬೇಡ. ಟೇಪ್ ಚೂರು ಕಿತ್ಕೊಂಡು ಒಳಗೆ ಹೋದ್ರೆ ಆಯಿಲ್ ಪಂಪ್ ಜಾಲರಿಗೆ ಮೆತ್ಕೊಳ್ಳುತ್ತೆ, ಅಲ್ಲಿಂದ ಪ್ರೆಷರ್ ಕಮ್ಮಿ, ಬೇರಿಂಗ್ ಡಮಾರ್. ಈ ಥ್ರೆಡ್ ಲೀಕ್ ತಡೆಯೋದಲ್ಲ, ಹಿಡ್ಕೊಳ್ಳೋದಷ್ಟೇ, ಲೀಕ್ ತಡೆಯೋದು ವಾಷರ್ರು. ವಾಲ್ವ್‌ನ ಬರೀ ಬೆರಳಲ್ಲಿ ತಿರುಗಿಸಿ ಒಳಗೆ ಕಳಿಸಿ, ಆರೇಳು ಸುತ್ತು ಸಲೀಸಾಗಿ ಹೋಗ್ಬೇಕು. ಎರಡನೇ ಸುತ್ತಿಗೇ ಬಿಗಿಯಾಯ್ತು ಅಂದ್ರೆ ನಿಲ್ಸಿ, ಒಂದೋ ಸೊಟ್ಟ ಹತ್ತಿದೆ, ಇಲ್ಲಾ ಪಿಚ್ ತಪ್ಪಾಗಿದೆ, ಸ್ಪಾನರ್ ಹಾಕಿ ಬಲವಂತ ಮಾಡಿದ್ರೆ ನನ್ ಕಥೇನೇ ನಿಮ್ದೂ. ವಾಷರ್ ತಾಗಿದ್ಮೇಲೆ ಸ್ಪಾನರ್‌ನಲ್ಲಿ ಪ್ಯಾಕೆಟ್ ಮೇಲೆ ಬರೆದಿರೋ ಟಾರ್ಕ್, ಅಂದ್ರೆ ಬಿಗಿಯೋ ಬಲ, ಅಷ್ಟೇ. ಬಾಲ್ ವಾಲ್ವ್ ಬಾಡಿ ಹಿತ್ತಾಳೆ, ಕಬ್ಬಿಣದ ಬೋಲ್ಟ್‌ಗೆ ಹಾಕೋ ಬಲ ಇದಕ್ಕೆ ಹಾಕಿದ್ರೆ ಕುತ್ತಿಗೇಲಿ ಮುರಿಯುತ್ತೆ. ಟಾರ್ಕ್ ರೆಂಚ್ ಇಲ್ಲದೋರು ಗಿಡ್ಡ ಸ್ಪಾನರ್ ತಗೊಳ್ಳಿ, ಪೈಪ್ ಅನ್ನೋ ವಸ್ತುನೇ ಅವತ್ತು ಶೆಡ್‌ನಿಂದ ಆಚೆ ಎಸೀರಿ.

ಟೈಟ್ ಆದ್ಮೇಲೆ ಲಿವರ್ ಯಾವ ಕಡೆ ನಿಂತಿದೆ ನೋಡಿ. ಗಾಡಿ ಓಡೋ ದಿಕ್ಕಿಗೆ ಲಿವರ್ ತುದಿ ಹಿಂದಕ್ಕಿದ್ರೆ ಬೆಸ್ಟು, ಮುಂದಿಂದ ಹಾರಿ ಬರೋ ಕಲ್ಲು, ಹುಲ್ಲು, ಹಗ್ಗ ಸಿಕ್ಕಿಕೊಳ್ಳಲ್ಲ. ಎಲ್ಲಿ ನಿಲ್ಲುತ್ತೆ ಅನ್ನೋದು ಥ್ರೆಡ್ ಎಲ್ಲಿಂದ ಶುರುವಾಗಿದೆ ಅನ್ನೋದರ ಮೇಲೆ, ನಮ್ ಕೈಲಿಲ್ಲ. ಪೂರ್ತಿ ಮುಂದಕ್ಕೆ ನಿಂತ್ರೆ ದಪ್ಪ ಸ್ವಲ್ಪ ಬೇರೆ ಇರೋ ವಾಷರ್ ಅಥವಾ ಕಂಪನಿ ಅಡಾಪ್ಟರ್ ಹಾಕಿ ದಿಕ್ಕು ತಿರುಗಿಸ್ಬೋದು. ಎರಡು ವಾಷರ್ ಒಂದರ ಮೇಲೊಂದು ಬೇಡ. ನಂದು ಡ್ರೈವರ್ ಸೈಡಿಗೆ ಅಡ್ಡ ನಿಂತಿದೆ, ಪರವಾಗಿಲ್ಲ ಅಂತ ಬಿಟ್ಟಿದೀನಿ.

ಆಮೇಲೆ ಲಿವರ್ ಮೇಲೆ ಕೂರೋ ಪ್ಲಾಸ್ಟಿಕ್ ಲಾಕ್ ಕ್ಲಿಪ್ ಸಿಗುತ್ತೆ, ಅದು ಹಾಕಿ. ಅದರ ಮೇಲೆ ನಾನು ಒಂದು ಕೆಂಪು ಜಿಪ್ ಟೈ ಬಿಗಿದಿದೀನಿ. ಲಾರಿ ನಿಲ್ಸೋ ಜಾಗಗಳಲ್ಲಿ ರಾತ್ರಿ ಡೀಸೆಲ್ ಕದಿಯೋರು ಎಂಥೋರು ಅಂತ ನಿಮಗೇ ಗೊತ್ತು, ಯಾವನಾದ್ರೂ ಕುತೂಹಲಕ್ಕೆ ಲಿವರ್ ಎಳೆದ್ರೆ? ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದ್ರೆ ಕೆಂಪು ಟೈ ಹಂಗೇ ಇದ್ರೆ ಯಾರೂ ಮುಟ್ಟಿಲ್ಲ. ಹತ್ತು ಸೆಕೆಂಡ್ ಕೆಲ್ಸ, ಟಯರ್ ತಟ್ಟಿ ನೋಡೋವಾಗ ಜೊತೇಲಿ ಮಾಡಿದ್ರಾಯ್ತು.

ಫಿಲ್ಟರ್ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಎರಡು ಮಾತು. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಅದರ ಜೊತೇಲೇ ಬಂತಾ ನೋಡಿ, ಇಂಜಿನ್ ಕಡೆ ಅಂಟಿಕೊಂಡು ಉಳಿದ್ರೆ ಡಬಲ್ ರಿಂಗ್ ಆಗಿ ಸ್ಟಾರ್ಟ್ ಮಾಡಿದ ಕೂಡ್ಲೇ ಚಿಮ್ಮುತ್ತೆ. ಹೊಸಾ ರಬ್ಬರ್‌ಗೆ ಆಯಿಲ್ ಸವರಿ, ತಾಗಿದ್ಮೇಲೆ ಫಿಲ್ಟರ್ ಮೇಲೆ ಬರೆದಿರೋಷ್ಟು ಸುತ್ತು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ.

ಹೊಸಾ ಆಯಿಲ್ ಬುಕ್ಕಲ್ಲಿ ಹೇಳಿರೋ ಗ್ರೇಡೇ ಹಾಕಿ. ನಮ್ ಹಳೇ ಗಾಡಿಗಳಿಗೆ 15ಡಬ್ಲ್ಯೂ-40, ಸಿಐ-4 ಪ್ಲಸ್ ನಡೆಯುತ್ತೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡೀಲಿ ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಇರೋದ್ರಿಂದ ಬೂದಿ ಕಮ್ಮಿ ಬಿಡೋ ಆಯಿಲ್ ಬೇಕು, ಸಿಕೆ-4 ಥರದ್ದು, ಹಳೇ ಗಾಡಿಗೆ ತಂದಿದ್ದು ಉಳ್ಕೊಂಡಿದೆ ಅಂತ ಇದಕ್ಕೆ ಸುರಿದ್ರೆ ಡಿಪಿಎಫ್ ಬೇಗ ಕಟ್ಕೊಳ್ಳುತ್ತೆ. ಹೇಳಿದ ಅಳತೆಗಿಂತ ಎರಡು ಲೀಟರ್ ಕಮ್ಮಿ ಸುರಿದು ಶುರು ಮಾಡಿ. ಸ್ಟಾರ್ಟ್ ಮಾಡಿದ್ಮೇಲೆ ಆಕ್ಸಿಲರೇಟರ್ ತುಳೀಬೇಡಿ, ಟರ್ಬೊಗೆ ಆಯಿಲ್ ತಲುಪೋವರೆಗೂ ಐಡ್ಲಿಂಗಲ್ಲೇ ಬಿಡಿ. ಪ್ರೆಷರ್ ಲೈಟ್ ಆರಿದ್ಯಾ ನೋಡಿ, ಇಳಿದು ಬಂದು ವಾಲ್ವ್ ಸುತ್ತ ಒಣ ಬಿಳೀ ಬಟ್ಟೆ ಒತ್ತಿ ನೋಡಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸೋ ಗೇಜ್ ಕಡ್ಡಿ ಎತ್ತಿ ನೋಡ್ತಾ ಮೇಲಿನ ಗೆರೆವರೆಗೆ ತುಂಬ್ಸಿ. ಗೆರೆ ದಾಟಿಸಬೇಡಿ, ಜಾಸ್ತಿ ಆದ್ರೆ ಕ್ರ್ಯಾಂಕ್ ಆಯಿಲ್‌ನ ಮಜ್ಜಿಗೆ ಕಡೆದಂಗೆ ಕಡೆದು ನೊರೆ ಎಬ್ಬಿಸುತ್ತೆ. ಮೊದಲ್ನೇ ಟ್ರಿಪ್ ಮುಗಿಸಿ ಬಂದಾಗ ವಾಲ್ವ್ ಸಡಿಲ ಆಗಿದ್ಯಾ ಅಂತ ಒಂದ್ಸಲ ಸ್ಪಾನರ್ ತಾಗಿಸಿ ನೋಡಿ. ಅಲ್ಲಿಗೆ ಮುಗೀತು.

ಮುಂದಿನ ಸಲ ಆಯಿಲ್ ಚೇಂಜ್ ಹೆಂಗಿರತ್ತೆ ಅಂದ್ರೆ, ಮೂತಿಗೆ ಹೋಸ್ ಸಿಕ್ಕಿಸ್ತೀರಾ, ಇನ್ನೊಂದು ತುದಿ ಕ್ಯಾನೊಳಗೆ, ಲಿವರ್ ಎತ್ತಿ ತಿರುಗಿಸ್ತೀರಾ, ಕಪ್ಪಗೆ ಕಾಕಂಬಿ ಥರ ಹೋಸೊಳಗೆ ಇಳಿಯೋದು ಕಾಣುತ್ತೆ, ನೀವು ಟೀ ಕುಡೀಬೋದು. ನೆಲಕ್ಕೆ ಒಂದು ಹನಿ ಇಲ್ಲ, ಮೈಮೇಲೆ ಒಂದು ಹನಿ ಇಲ್ಲ. ಹೋಸ್ ಮಾತ್ರ ತೋಟದ ಹಸಿರು ಪೈಪ್ ಬೇಡ, ಬಿಸಿಗೆ ಮೆತ್ತಗಾಗಿ ಜಾರಿ ಬೀಳುತ್ತೆ, ಆಯಿಲ್‌ಗೆ ಅಂತಲೇ ಬರೋ ಹೋಸ್ ತಗೊಂಡು ಕ್ಲಿಪ್ ಹಾಕಿ. ಕುಡಿಯೋ ನೀರಿನ ಕ್ಯಾನ್ ಇಡಬೇಡಿ, ತೆಳು ಪ್ಲಾಸ್ಟಿಕ್ಕು ಬಿಸಿ ಆಯಿಲ್‌ಗೆ ಸೊಟ್ಟಗಾಗುತ್ತೆ. ಹಳೇ 20 ಲೀಟರ್ ಆಯಿಲ್ ಬಕೆಟ್ಟೇ ಸರಿ.

ಟೈಮ್ ಜಾಸ್ತಿ ಹಿಡಿಯುತ್ತೆ, ಇದನ್ನ ಮೊದ್ಲೇ ತಿಳ್ಕೊಳ್ಳಿ. ಹೆಸರು ಕ್ವಿಕ್ ಡ್ರೈನ್ ಅಂತ, ಇಳಿಯೋದು ನಿಧಾನ. ಬೋಲ್ಟ್ ತೂತು ದೊಡ್ಡದು, ವಾಲ್ವ್ ಒಳಗಿನ ದಾರಿ ಅದರ ಅರ್ಧ ಅಂದ್ಕೊಳ್ಳಿ, ಅಗಲ ಅರ್ಧ ಆದ್ರೆ ಆಯಿಲ್ ಹೋಗೋ ದಾರಿ ಕಾಲು ಭಾಗಕ್ಕೆ ಇಳಿಯುತ್ತೆ. ನನ್ ಗಾಡೀಲಿ ಬೋಲ್ಟ್ ಬಿಚ್ಚಿದಾಗ ಐದೇ ನಿಮಿಷದಲ್ಲಿ ಸುರಿದು ಹೋಗ್ತಿದ್ದದ್ದು ಈಗ ಇಪ್ಪತ್ತು ನಿಮಿಷ, ಕೊನೇ ಹನಿಗಳು ಸೇರಿ ಅರ್ಧ ಗಂಟೆ. ಮೇಲೆ ಆಯಿಲ್ ಕ್ಯಾಪ್ ತೆಗೆದಿಡಿ, ಗಾಳಿ ಒಳಗೆ ಬಂದ್ರೆ ಸ್ವಲ್ಪ ಬೇಗ ಇಳಿಯುತ್ತೆ. ಬೇಗ ಆಗೋದು ಅಂದ್ರೆ ನಿಮ್ಮ ಕೈ ಕೆಲ್ಸ, ಬಿಚ್ಚೋದು, ಒರೆಸೋದು, ತೊಳ್ಕೊಳ್ಳೋದು.

ಇನ್ನೊಂದು ಆಕ್ಷೇಪಣೆ ಎಲ್ಲಾ ಮೇಸ್ತ್ರಿಗಳೂ ಎತ್ತುತಾರೆ, "ಅಣ್ಣಾ, ಅಡೀಲಿ ಮಡ್ಡಿ ಉಳ್ಕೊಳ್ಳುತ್ತೆ" ಅಂತ. ಸುಳ್ಳಲ್ಲ. ವಾಲ್ವ್ ಥ್ರೆಡ್ ತುದಿ ಚೇಂಬರ್ ಒಳಗೆ ಕೂದಲಷ್ಟು ಎದ್ದು ನಿಂತಿರತ್ತೆ, ಅದರ ಮಟ್ಟಕ್ಕಿಂತ ಕೆಳಗಿನ ಆಯಿಲ್ ಬರಲ್ಲ. ನಾನು ಎರಡನೇ ಸಲ ವಾಲ್ವ್‌ನಲ್ಲಿ ಇಳಿಸಿದ್ಮೇಲೆ ಬೇಕಂತಲೇ ವಾಲ್ವ್ ಬಿಚ್ಚಿ ಉಳಿದಿದ್ದನ್ನ ಲೋಟಕ್ಕೆ ಹಿಡಿದೆ, ಒಂದು ಟೀ ಲೋಟ ತುಂಬಲಿಲ್ಲ. 15 ಲೀಟರಲ್ಲಿ 150 ಎಂಎಲ್ ಉಳಿದ್ರೂ ನೂರಕ್ಕೆ ಒಂದು ಭಾಗ. ಬೋಲ್ಟ್ ಬಿಚ್ಚಿದ್ರೂ ಆಯಿಲ್ ಕೂಲರಲ್ಲಿ, ಇಂಜಿನ್ ಒಳಗಿನ ಆಯಿಲ್ ದಾರೀಲಿ, ಟರ್ಬೊ ಪೈಪಲ್ಲಿ ಅದಕ್ಕಿಂತ ಜಾಸ್ತಿ ಹಳೇ ಆಯಿಲ್ ಉಳಿದಿರುತ್ತೆ, ಅದನ್ನ ಯಾರೂ ಲೆಕ್ಕ ಹಾಕಲ್ಲ. ತೀರಾ ಮನಸ್ಸು ಒಪ್ಪಲ್ಲ ಅಂದ್ರೆ ಡ್ರೈನ್ ಇರೋ ಕಡೆಗೆ ಇಳಿಜಾರು ಬರೋ ಹಂಗೆ ಗಾಡಿ ನಿಲ್ಸಿ ಇಳಿಸಿ, ಗೇಜ್ ನೋಡೋಕೆ ಮಾತ್ರ ಮಟ್ಟಸಕ್ಕೆ ತನ್ನಿ.

ನನಗೆ ಗೊತ್ತಿಲ್ದೆ ಸಿಕ್ಕ ಲಾಭ ಒಂದಿದೆ. ಲ್ಯಾಬ್‌ಗೆ ಆಯಿಲ್ ಸ್ಯಾಂಪಲ್ ಕೊಡೋರಿಗೆ ಇದು ಹಬ್ಬ. ಅರ್ಧ ಇಳಿದಾಗ ಲಿವರ್ ಮುಚ್ಚಿ, ಒಣ ಬಾಟ್ಲಿ ಹಿಡಿದು, ನೂರು ಎಂಎಲ್ ಬಿಟ್ಕೊಂಡು ಮತ್ತೆ ಹೋಸ್ ಸಿಕ್ಕಿಸಿ. ಮೊದಲ ಸುರಿಯೋದ್ರಲ್ಲಿ ಗಸಿ ಜಾಸ್ತಿ, ಅದು ಬೇಡ, ಮಧ್ಯದ್ದೇ ಸರಿಯಾದ ಸ್ಯಾಂಪಲ್ಲು. ರಿಪೋರ್ಟಲ್ಲಿ ಸಿಲಿಕಾನ್ ಜಾಸ್ತಿ ಬಂದ್ರೆ ಧೂಳು ಒಳಗೆ ಹೋಗ್ತಿದೆ ಅಂತ, ಏರ್ ಫಿಲ್ಟರ್ ಅಥವಾ ಅದರ ಹೋಸ್ ಕ್ಲಿಪ್ ನೋಡಿ. ಸೋಡಿಯಂ, ಪೊಟ್ಯಾಸಿಯಂ ಏರಿದ್ರೆ ಕೂಲಂಟ್ ಸೇರ್ತಿದೆಯಾ ಅಂತ ಅನುಮಾನ ಪಡಿ. ಕ್ರಷರ್ ಟಿಪ್ಪರ್‌ಗಳಿಗಂತೂ ಈ ಸಿಲಿಕಾನ್ ಲೆಕ್ಕ ತುಂಬಾ ಉಪಯೋಗ.

ಹಂಗಾದ್ರೆ ಟಿಪ್ಪರ್‌ಗೆ ಯಾಕೆ ಹಾಕಿಲ್ಲ ಅಂತೀರಾ. ಟೇಕಲ್ ಕ್ವಾರಿ ರೋಡು ರೋಡೇ ಅಲ್ಲ. ಮುಂದಿನ ಚಕ್ರ ಒತ್ತಿದ ಜಲ್ಲಿ ಕಲ್ಲು ಬುಲೆಟ್ ಥರ ಚೇಂಬರ್‌ಗೆ ಹೊಡೆಯುತ್ತೆ, ನಮ್ ಟಿಪ್ಪರ್ ಚೇಂಬರ್ ತಳ ನೋಡಿದ್ರೆ ಸಿಡುಬು ಬಂದ ಮುಖದಂಗಿದೆ. ಅದರ ಜೊತೆ ಲೋಡ್ ಮಾಡೋ ಜಾಗದಲ್ಲಿ ದೊಡ್ಡ ಬಂಡೆ ಚೂರಿನ ಮೇಲೆ ಹತ್ತಿಸೋದು ದಿನಾ ಇದ್ದಿದ್ದೇ. ಬೋಲ್ಟ್ ಹೆಡ್‌ಗೆ ಕಲ್ಲು ಬಿದ್ರೆ ಬೋಲ್ಟ್‌ಗೇನೂ ಆಗಲ್ಲ, ವಾಲ್ವ್ ಮೂತಿಗೆ ಬಿದ್ರೆ ಲಿವರ್ ತೆಕ್ಕೊಳ್ಳೋದಿರ್ಲಿ, ಬಾಡೀನೇ ಬುಡದಿಂದ ಹೋಗ್ಬೋದು, ಹೋದ್ರೆ 15 ಲೀಟರ್ ಒಂದೇ ಸಲ ಕೆಳಗೆ. ದಪ್ಪ ತಗಡಿನ ಗಾರ್ಡ್ ಮಾಡಿಸಿ, ಒಳಗೆ ಕ್ಯಾಪ್ ಥರದ ಗಿಡ್ಡ ವಾಲ್ವ್ ಹಾಕಿದ್ರೆ ನಡೀಬೋದು. ಗಾರ್ಡ್ ಮಾಡಿಸಿದ್ರೆ ಚೇಂಬರ್‌ಗೆ ಗಾಳಿ ತಾಗೋ ಹಂಗೆ ತೂತು ಬಿಡ್ಸಿ, ಇಲ್ಲಾಂದ್ರೆ ಮಣ್ಣು ತುಂಬ್ಕೊಂಡು ಅಲ್ಲೇ ಗಟ್ಟಿ ಆಗುತ್ತೆ. ನಾನಿನ್ನೂ ಮಾಡಿಸಿಲ್ಲ, ಅಲ್ಲೀವರೆಗೂ ಅದಕ್ಕೆ ಬೋಲ್ಟೇ. ಹೈವೇ ಗಾಡಿ, ಈಚರ್, 407, ಸ್ಕೂಲ್ ಬಸ್ಸು, ಹೊಲದ ಬೋರ್‌ವೆಲ್‌ಗೆ ಇಟ್ಟಿರೋ ಜನರೇಟರು, ಇವಕ್ಕೆ ಹಾಕೋದ್ರಲ್ಲಿ ಎರಡು ಮಾತಿಲ್ಲ.

ವಾರಂಟೀಲಿರೋ ಗಾಡಿ ಆದ್ರೆ ಸರ್ವಿಸ್ ಸೆಂಟರ್‌ನಲ್ಲಿ ಮೊದ್ಲೇ ಕೇಳಿ, ಸಾಧ್ಯ ಆದ್ರೆ ಬರವಣಿಗೇಲಿ ತಗೊಳ್ಳಿ. ಆಗಲ್ಲ ಅಂದ್ರೆ ವಾರಂಟಿ ಮುಗಿಯೋವರೆಗೂ ಕಾಯಿರಿ, ಇಲ್ಲಾಂದ್ರೆ ಇಂಜಿನ್‌ಗೆ ಏನಾದ್ರೂ ಆದಾಗ ಬೆರಳು ಮೊದ್ಲು ಈ ವಾಲ್ವ್ ಕಡೆಗೇ ತೋರಿಸ್ತಾರೆ.

ಇಳಿಸಿದ ಆಯಿಲ್ ಏನ್ ಮಾಡ್ತೀರಾ ಅನ್ನೋದೂ ಸ್ವಲ್ಪ ನೋಡಿ. ನಮ್ ಕಡೆ ಸೆಂಟ್ರಿಂಗ್ ಹಲಗೆಗೆ ಹಚ್ಚೋಕೆ ತಗೊಂಡು ಹೋಗ್ತಾರೆ, ಕೆಲವರು ಶೆಡ್ ಹಿಂದೆ ಮೋರಿಗೆ ಬಿಡ್ತಾರೆ. ಸಾವಿರ ಅಡಿ ಬೋರ್ ಕೊರೆದ್ರೂ ನೀರು ಕಾಣದ ಜಿಲ್ಲೆ ನಮ್ದು, 2018ರಿಂದ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸೋ ಕೆಸಿ ವ್ಯಾಲಿ ನೀರು ಬಂದು ಕೆರೆಗಳಲ್ಲಿ ನೀರು ನಿಂತಿದೆ, ಆ ಕೆರೆ ಕೋಡಿ ಕಾಲುವೆಗೆ ಡೀಸೆಲ್ ಇಂಜಿನ್ ಮಡ್ಡಿ ಬಿಡೋಕೆ ಕೈ ಹೆಂಗೆ ಬರುತ್ತೋ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಆಯಿಲ್ ಕೂಡ ಅಪಾಯಕಾರಿ ತ್ಯಾಜ್ಯನೇ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಇರೋ ರೀಸೈಕ್ಲರ್‌ಗೇ ಹೋಗ್ಬೇಕು. ಹೋಸ್‌ನಿಂದ ನೇರ ಬಕೆಟ್‌ಗೆ ಇಳಿದಿರೋ ಆಯಿಲ್‌ನಲ್ಲಿ ಮಣ್ಣಿಲ್ಲ ನೀರಿಲ್ಲ, ಅದಕ್ಕೆ ಡೀಸೆಲ್, ಕೂಲಂಟ್ ಬೆರೆಸದೆ ಮುಚ್ಚಳ ಹಾಕಿಟ್ಟು ಹತ್ತಿಪ್ಪತ್ತು ಬಕೆಟ್ ಆದಾಗ ಕೊಟ್ರೆ ತಗೊಳ್ಳೋರೂ ಖುಷಿಯಾಗಿ ತಗೋತಾರೆ, ಕೈಗೆ ನಾಲ್ಕು ಕಾಸೂ ಬರುತ್ತೆ.

ಕೊನೇದಾಗಿ ಹಳೇ ಡ್ರೈನ್ ಬೋಲ್ಟ್. ಗುಜರಿಗೆ ಹಾಕ್ಬೇಡಿ. ಒಂದು ಹೊಸಾ ವಾಷರ್ ಸಮೇತ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಟೂಲ್ ಬಾಕ್ಸ್‌ನಲ್ಲಿ ಹಾಕಿ, ಅದಕ್ಕೆ ಸರಿಯಾದ ಸ್ಪಾನರ್ರೂ ಪಕ್ಕದಲ್ಲೇ ಇರ್ಲಿ. ಆಂಧ್ರ ಗಡೀಲಿರೋ ನಂಗಲಿ ಆಚೆ ಎಲ್ಲೋ ವಾಲ್ವ್‌ಗೆ ಏಟು ಬಿದ್ದು ಹನಿ ಶುರುವಾದ್ರೆ ಅದನ್ನ ಬಿಚ್ಚಿ ಹಳೇ ಬೋಲ್ಟ್ ಹಾಕಿ ಆಯಿಲ್ ತುಂಬ್ಸಿ ಮನೆ ಸೇರ್ಬೋದು, ಅದಕ್ಕೆ ಬೇಕಾಗೋ ಆಯಿಲ್ ಕ್ಯಾನ್ ಕ್ಯಾಬಿನ್ ಹಿಂದೆ ಇದ್ದೇ ಇರ್ಲಿ. ಬೋಲ್ಟ್ ಮೇಲೆ ನಾನು ಪೇಂಟಲ್ಲಿ 22-1.5 ಅಂತ ಬರೆದಿಟ್ಟಿದೀನಿ, ನಾನಿಲ್ದಾಗ ಡ್ರೈವರ್ ಹುಡುಗ ಟಿಪ್ಪರ್ ಬೋಲ್ಟ್ ಎತ್ಕೊಂಡು ಹೋಗ್ಬಾರ್ದಲ್ಲ.